ಮಕ್ಕಳು, ಮನೆಗೆಲಸ ಮತ್ತು ಪ್ರವಾದಿಚರ್ಯೆ

ಸಂಜೆಯ ಹೊತ್ತು ನಮ್ಮ ಅನೇಕ ಮನೆಗಳಲ್ಲಿ ಕಾಣಸಿಗುವ ದೃಶ್ಯ ಒಂದೇ ಬಗೆಯದು. ತಾಯಿ ಅಡುಗೆಮನೆಯಲ್ಲಿ ಒಬ್ಬಳೇ ದುಡಿಯುತ್ತಿರುತ್ತಾಳೆ. ಶಾಲೆಯಿಂದ ಬಂದ ಮಕ್ಕಳ ಚೀಲ ಒಂದು ಮೂಲೆಯಲ್ಲಿ, ಸಮವಸ್ತ್ರ ಇನ್ನೊಂದು ಮೂಲೆಯಲ್ಲಿ, ಕುಡಿದಿಟ್ಟ ಲೋಟ ಕಿಟಕಿಯ ಮೇಲೆ. ಮಗ ಮೊಬೈಲ್ ಹಿಡಿದು ಕುಳಿತಿರುತ್ತಾನೆ. ಎರಡು ಬಾರಿ ಕರೆದ ಮೇಲೆ ಮಗಳು ಮುಖ ಊದಿಸಿಕೊಂಡು ಎದ್ದು ಬರುತ್ತಾಳೆ. ಮೂರನೆಯ ಕರೆಗೆ ತಾಯಿಯ ಧ್ವನಿ ಏರುತ್ತದೆ, ಕೂಡಲೇ ತಂದೆಯ ಗದರಿಕೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಮಗ್ರಿಬ್ ಬಾಂಗ್ ಕೇಳಿಸುವ ಹೊತ್ತಿಗೆ ಮನೆಯ ಎಲ್ಲರ ಮನಸ್ಸೂ ಕೆಟ್ಟಿರುತ್ತದೆ. ಕೆಲಸ ಮಾತ್ರ ಇದ್ದಲ್ಲೇ ಇರುತ್ತದೆ.

ಈಗಿನ ಮಕ್ಕಳು ಸೋಮಾರಿಗಳು, ಒಂದು ಕೆಲಸಕ್ಕೂ ಆಗುವವರಲ್ಲ ಎಂದು ನಾವು ದೂರುತ್ತೇವೆ. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ಯೋಚಿಸಿ. ಇದೇ ಮಕ್ಕಳು ಎರಡು ಮೂರು ವರ್ಷದವರಾಗಿದ್ದಾಗ ತಮಗಿಂತ ಉದ್ದದ ಪೊರಕೆಯನ್ನು ಎಳೆದುಕೊಂಡು ಬಂದು ಗುಡಿಸಲು ನೋಡುತ್ತಿರಲಿಲ್ಲವೇ? ರೊಟ್ಟಿ ತಟ್ಟುವಾಗ ಹಿಟ್ಟಿನ ಉಂಡೆಗಾಗಿ ಕೈಯೊಡ್ಡುತ್ತಿರಲಿಲ್ಲವೇ? ನೀರಿನ ಚೊಂಬು ಹೊರಲು ಹಟ ಹಿಡಿಯುತ್ತಿರಲಿಲ್ಲವೇ? ಆಗ ನಾವೇನು ಮಾಡಿದೆವು? ಚೆಲ್ಲಿಬಿಡುತ್ತೀಯ, ಆಚೆ ಹೋಗು ಎಂದೆವು. ಮಗು ತಾನಾಗಿ ಬಯಸಿ ಬಂದ ದಿನ ಅದನ್ನು ಕೆಲಸದಿಂದ ಓಡಿಸಿದೆವು. ಹತ್ತು ವರ್ಷ ತುಂಬಿದಾಗ ಅದೇ ಕೆಲಸಕ್ಕೆ ಗದರಿಸಿ ಕರೆಯುತ್ತಿದ್ದೇವೆ. ನಡುವಿನ ಏಳೆಂಟು ವರ್ಷಗಳಲ್ಲಿ ಮಗುವಿನ ಆಸೆ ಆರಿಹೋಗಿದ್ದರೆ ಅದರ ಹೊಣೆ ಮಗುವಿನದೊಂದೇ ಅಲ್ಲ.

ಆರಿದ ಆ ಆಸೆಯನ್ನು ಮತ್ತೆ ಹೊತ್ತಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ನಾವು ಹೊರಗೆಲ್ಲೋ ಹುಡುಕಬೇಕಾಗಿಲ್ಲ. ಪ್ರವಾದಿ ಮುಹಮ್ಮದ್(ಸ)ರ ಮನೆಯೊಳಗಿನ ಬದುಕು, ಮಕ್ಕಳೊಡನೆ ಅವರ ವರ್ತನೆ ನಮ್ಮ ಮುಂದಿದೆ. ಆ ಬೆಳಕಿನಲ್ಲಿ ಈ ವಿಷಯವನ್ನು ಪರಿಶೀಲಿಸೋಣ.

ಮನೆಗೆಲಸ ಕೀಳಲ್ಲ

ಮಗು ಕೆಲಸದ ಬೆಲೆಯನ್ನು ಮಾತಿನಿಂದ ತಿಳಿಯುವುದಿಲ್ಲ. ಮನೆಯಲ್ಲಿ ಅದನ್ನು ಯಾರು ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂಬುದನ್ನು ನೋಡಿ ತಿಳಿಯುತ್ತದೆ. ತಂದೆ ಉಂಡ ತಟ್ಟೆಯಲ್ಲೇ ಕೈತೊಳೆದು ಏಳುವ ಮನೆಯಲ್ಲಿ ಮಗ ತಟ್ಟೆ ಎತ್ತಬೇಕೆಂದು ಬಯಸುವುದು ವ್ಯರ್ಥ.

ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಹಝ್ರತ್ ಆಯಿಶಾ(ರ)ರನ್ನು ಕೇಳಲಾಯಿತು. ಅವರು ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ನಮಾಝಿಗೆ ಹೊರಡುತ್ತಿದ್ದರು ಎಂಬುದು ಆಯಿಶಾ(ರ)ರು ಕೊಟ್ಟ ಉತ್ತರದ ಸಾರಾಂಶ (ಬುಖಾರಿ). ಅವರು ತಮ್ಮ ಬಟ್ಟೆಗೆ ತಾವೇ ತೇಪೆ ಹಾಕುತ್ತಿದ್ದರು, ಚಪ್ಪಲಿಯನ್ನು ತಾವೇ ಹೊಲಿಯುತ್ತಿದ್ದರು, ಆಡಿನ ಹಾಲು ಕರೆಯುತ್ತಿದ್ದರು ಎಂದು ಬೇರೆ ವರದಿಗಳಲ್ಲಿದೆ (ಅಹ್ಮದ್). ಮದೀನಾದ ಆಡಳಿತದ ಹೊಣೆ ಹೊತ್ತವರು, ದೇಶದೇಶಗಳ ನಿಯೋಗಗಳನ್ನು ಬರಮಾಡಿಕೊಂಡವರು ಸೂಜಿದಾರ ಹಿಡಿಯಲು ನಾಚಲಿಲ್ಲ. ಹಿಜರಿ 5ರಲ್ಲಿ ಮದೀನಾದ ಸುತ್ತ ಕಂದಕ ತೋಡುವಾಗ ಅವರೂ ಮಣ್ಣು ಹೊತ್ತರು. ಸಂಗಡಿಗರು ಪದ್ಯಗಳನ್ನು ಹಾಡುತ್ತಾ ಅಗೆಯುತ್ತಿದ್ದರು, ಅವರೂ ದನಿಗೂಡಿಸುತ್ತಿದ್ದರು. ಹಸಿವು, ಚಳಿ, ಶತ್ರುವಿನ ಭಯಗಳ ನಡುವೆಯೂ ಆ ದುಡಿಮೆಗೆ ಉತ್ಸಾಹ ತುಂಬಿದ್ದು ಕೂಡಿ ಮಾಡುವ ಸಂತೋಷ.

ನಮ್ಮ ನಾಡಿನ ಹಿರಿಯರಿಗೂ ಇದರ ಗುಟ್ಟು ಗೊತ್ತಿತ್ತು. ಬೀಸುವಾಗ, ಕುಟ್ಟುವಾಗ, ನಾಟಿ ಮಾಡುವಾಗ ಹೆಂಗಸರು ಹಾಡುತ್ತಿದ್ದರು. ಹಾಡಿನಿಂದ ಬೀಸುವ ಕಲ್ಲಿನ ಭಾರ ಕಡಿಮೆಯಾಗುವುದಿಲ್ಲ, ಬೀಸುವವಳ ದಣಿವು ಕಡಿಮೆಯಾಗುತ್ತದೆ. ಮಕ್ಕಳ ಕೆಲಸದಲ್ಲಿ ಆಟವನ್ನು ಬೆರೆಸುವುದೆಂದರೆ ಇದೇ. ಕೆಲಸ ಕೆಲಸವಾಗಿಯೇ ಇರಬೇಕು, ಜೊತೆಯಿಂದ ಅದು ಹಗುರಾಗಬೇಕು.

ಕೆಲಸವನ್ನು ಶಿಕ್ಷೆಯಾಗಿಸಬೇಡಿ

ಮಗ ತಪ್ಪು ಮಾಡಿದರೆ ಅಂಗಳ ಗುಡಿಸು ಎನ್ನುವ ತಂದೆಯರಿದ್ದಾರೆ. ಅಂಕ ಕಡಿಮೆಯಾದರೆ ಪಾತ್ರೆ ತೊಳೆಯಲು ಕಳುಹಿಸುವ ತಾಯಂದಿರಿದ್ದಾರೆ. ಓದದಿದ್ದರೆ ನೀನು ಕಸ ಗುಡಿಸಲೇ ಲಾಯಕ್ಕು ಎಂಬ ಮಾತನ್ನಂತೂ ಬಹಳಷ್ಟು ಮಕ್ಕಳು ಕೇಳಿಯೇ ಬೆಳೆಯುತ್ತಾರೆ. ಈ ಮಾತಿನಿಂದ ಮಗು ಎರಡು ಪಾಠ ಕಲಿಯುತ್ತದೆ. ಗುಡಿಸುವುದು ಅವಮಾನದ ಕೆಲಸ ಎಂಬುದು ಮೊದಲನೆಯದು. ನಮ್ಮ ಬೀದಿಯನ್ನು ಗುಡಿಸುವ ಪೌರಕಾರ್ಮಿಕರು ನಮಗಿಂತ ಕೀಳು ಎಂಬುದು ಎರಡನೆಯದು. ದಾರಿಯಲ್ಲಿ ಬಿದ್ದ ಉಪದ್ರವದ ವಸ್ತುವನ್ನು ಸರಿಸುವುದನ್ನೂ ವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿ(ಸ)ರು ಕಲಿಸಿದರು (ಮುಸ್ಲಿಮ್). ವಿಶ್ವಾಸದ ಭಾಗವಾದ ಕೆಲಸವನ್ನು ನಾವು ಶಿಕ್ಷೆಯ ಪಟ್ಟಿಗೆ ಸೇರಿಸಿದರೆ ಮಗುವಿನ ಮನಸ್ಸಿನಲ್ಲಿ ಅದರ ಸ್ಥಾನವೇನಾದೀತು?

ಆದುದರಿಂದ ಮೊದಲ ನಿಯಮ ಇದಾಗಿರಲಿ: ತಪ್ಪಿಗೆ ಶಿಸ್ತು ಬೇರೆ, ಮನೆಗೆಲಸ ಬೇರೆ. ಇವೆರಡನ್ನೂ ಬೆರೆಸಿದ ಮನೆಯಲ್ಲಿ ಎಷ್ಟು ಆಟ ಹೂಡಿದರೂ ಮಗು ನಗುವುದಿಲ್ಲ.

ಅನಸ್(ರ)ರ ಕುತ್ತಿಗೆಯ ಮೇಲಿನ ಕೈ

ಪ್ರವಾದಿ(ಸ)ರು ಮದೀನಾಕ್ಕೆ ಬಂದಾಗ ಅನಸ್ ಬಿನ್ ಮಾಲಿಕ್(ರ) ಸುಮಾರು ಹತ್ತು ವರ್ಷದ ಬಾಲಕ. ತಾಯಿ ಉಮ್ಮು ಸುಲೈಮ್(ರ) ಅವರನ್ನು ಕರೆತಂದು ಪ್ರವಾದಿ(ಸ)ರ ಸೇವೆಗೆ ಒಪ್ಪಿಸಿದರು. ಒಂದು ದಿನ ಪ್ರವಾದಿ(ಸ)ರು ಅವರಿಗೆ ಒಂದು ಕೆಲಸ ಹೇಳಿ ಕಳುಹಿಸಿದರು. ಹೋಗಬೇಕೆಂದು ಮನಸ್ಸಿನಲ್ಲಿದ್ದರೂ ಬಾಯಲ್ಲಿ ಅವರು ಹೋಗುವುದಿಲ್ಲ ಎಂದುಬಿಟ್ಟರು. ಹೊರಗೆ ಬಂದರೆ ಬೀದಿಯಲ್ಲಿ ಹುಡುಗರ ಆಟ ನಡೆದಿತ್ತು. ಕಾಲು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದರು. ತಿರುಗಿ ನೋಡಿದರೆ ಪ್ರವಾದಿ(ಸ)ರು, ಅವರ ಮುಖದಲ್ಲಿ ನಗು! ಉನೈಸ್ ಎಂದು ಮುದ್ದಿನ ಹೆಸರಿನಿಂದ ಕರೆದು, ಹೇಳಿದಲ್ಲಿಗೆ ಹೋದೆಯಾ ಎಂದು ವಿಚಾರಿಸಿದರು. ಇಗೋ ಹೊರಟೆ ಎಂದರು ಅನಸ್(ರ). ಈ ಘಟನೆಯನ್ನು ಮುಂದೆ ದೊಡ್ಡವರಾದ ಮೇಲೆ ಅವರೇ ಜನರಿಗೆ ಹೇಳಿದರು (ಮುಸ್ಲಿಮ್).

ಓದುಗರೇ, ಈ ಪುಟ್ಟ ಘಟನೆಯಲ್ಲಿ ಹೆತ್ತವರಿಗೆ ಎಷ್ಟು ಪಾಠಗಳಿವೆ ನೋಡಿ. ಮಗು ಒಲ್ಲೆ ಎಂದ ಮಾತ್ರಕ್ಕೆ ಅದನ್ನು ಅವಿಧೇಯತೆಯೆಂದು ಪರಿಗಣಿಸಲಿಲ್ಲ. ಮರೆತು ಆಟದಲ್ಲಿ ಬಿದ್ದುದಕ್ಕೆ ಗೆಳೆಯರ ಮುಂದೆ ಅವಮಾನಿಸಲಿಲ್ಲ. ಹಾಗೆಂದು ಕೆಲಸವನ್ನು ಬಿಟ್ಟುಬಿಡಲೂ ಇಲ್ಲ. ಕೂಗಿ ಕರೆಯದೆ ತಾವೇ ನಡೆದು ಬಂದರು, ಮುಟ್ಟಿದರು, ನಕ್ಕರು, ನೆನಪಿಸಿದರು. ಕೆಲಸವೂ ನಡೆಯಿತು, ಮಗುವಿನ ಮನಸ್ಸೂ ಉಳಿಯಿತು.

ಹೀಗೆ ಹತ್ತು ವರ್ಷ ಸೇವೆ ಮಾಡಿದ ಅನಸ್(ರ)ರು, ಆ ಅವಧಿಯಲ್ಲಿ ಪ್ರವಾದಿ(ಸ)ರು ತಮಗೆ ಒಮ್ಮೆಯೂ ಛೀ ಎನ್ನಲಿಲ್ಲ, ಮಾಡಿದ್ದನ್ನು ಏಕೆ ಮಾಡಿದೆ ಎಂದಾಗಲಿ, ಮಾಡದ್ದನ್ನು ಏಕೆ ಮಾಡಲಿಲ್ಲ ಎಂದಾಗಲಿ ಆಕ್ಷೇಪಿಸಲಿಲ್ಲ ಎಂದು ಸಾಕ್ಷಿ ನುಡಿದಿದ್ದಾರೆ (ಬುಖಾರಿ, ಮುಸ್ಲಿಮ್). ಹತ್ತು ವರ್ಷ ಬೇಡ. ಹತ್ತು ದಿನ ನಾವು ಇದನ್ನು ಪಾಲಿಸಿ ನೋಡೋಣ. ಅಡುಗೆಮನೆಯಿಂದ ಕೂಗುವುದರ ಬದಲು ಎದ್ದು ಹೋಗಿ ಮಗುವಿನ ಹೆಗಲ ಮೇಲೆ ಕೈಯಿಟ್ಟು ಹೇಳೋಣ. ಆಡುತ್ತಿರುವ ಮಗುವಿಗೆ ಆಟ ಮುಗಿಸಲು ಐದು ನಿಮಿಷ ಕೊಡೋಣ. ಕೂಗಿ ಕರೆಯುವುದಕ್ಕಿಂತ ಇದು ತಡವಾದೀತೆಂದು ತೋರಬಹುದು. ಆದರೆ ಕೂಗು ಮೂರು ಬಾರಿ ಬೇಕಾಗುತ್ತದೆ, ಕೈ ಒಂದೇ ಬಾರಿ ಸಾಕು.

ಮಗ ಮಾಡಿದ್ದು ಮಧ್ಯಮ

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆ ಕನ್ನಡದಲ್ಲಿದೆ. ನಮ್ಮ ತಾಯಂದಿರು ಇದರ ಮೊದಲ ಮಾತನ್ನು ಹಿಡಿದು ಎಲ್ಲವನ್ನೂ ತಾವೇ ಮಾಡುತ್ತಾರೆ. ಮಗು ಮಡಚಿದ ಬಟ್ಟೆ ಸೊಟ್ಟಗಿರುತ್ತದೆ, ಮಗು ತೊಳೆದ ಲೋಟದಲ್ಲಿ ಸೋಪಿನ ನೊರೆ ಉಳಿದಿರುತ್ತದೆ, ನಿಜ. ಆದರೆ ಗಾದೆಯ ಎರಡನೆಯ ಮಾತನ್ನೂ ಕೇಳಿ. ಮಗ ಮಾಡಿದ್ದು ಮಧ್ಯಮ, ಹಾಳಲ್ಲ. ಇಂದಿನ ಮಧ್ಯಮವನ್ನು ಸಹಿಸಿದವರಿಗೆ ಮಾತ್ರ ನಾಳೆ ಉತ್ತಮ ಸಿಗುತ್ತದೆ.

ಮಧ್ಯಮ ಉತ್ತಮವಾಗಲು ಬೇಕಾದುದು ತೋರಿಸಿಕೊಡುವ ಕೈ. ಪ್ರವಾದಿ(ಸ)ರು ಒಮ್ಮೆ ನಡೆದು ಹೋಗುತ್ತಿದ್ದಾಗ ಒಬ್ಬ ಹುಡುಗ ಆಡಿನ ಚರ್ಮ ಸುಲಿಯಲು ಬಾರದೆ ಪರದಾಡುತ್ತಿದ್ದ. ಅವರು ಅವನನ್ನು ಬದಿಗೆ ಸರಿಯಲು ಹೇಳಿ, ತಾವೇ ಚರ್ಮ ಮತ್ತು ಮಾಂಸದ ನಡುವೆ ಕೈಯನ್ನು ಕಂಕುಳವರೆಗೂ ತೂರಿಸಿ ಸುಲಿಯುವ ಬಗೆಯನ್ನು ತೋರಿಸಿದರು. ಬಳಿಕ ಹೋಗಿ ಜನರಿಗೆ ನಮಾಝ್ ಮಾಡಿಸಿದರು (ಅಬೂದಾವೂದ್). ಆ ಹುಡುಗನಿಗೆ ಬೈಗುಳ ಬೀಳಲಿಲ್ಲ. ಬರಿಯ ಉಪದೇಶವೂ ಸಿಗಲಿಲ್ಲ. ಕೆಲಸ ಬಲ್ಲ ಕೈಯೊಂದು ಬಂದು ಮಾಡಿ ತೋರಿಸಿತು.

ಮಗುವಿಗೆ ಕೆಲಸ ಕಲಿಸುವ ಕ್ರಮವೂ ಹೀಗೆಯೇ ಇರಲಿ. ಮೊದಲು ನೀವು ಮಾಡಿ, ಮಗು ನೋಡಲಿ. ಮರುದಿನ ಇಬ್ಬರೂ ಸೇರಿ ಮಾಡಿ. ಮೂರನೆಯ ದಿನ ಮಗು ಮಾಡಲಿ, ನೀವು ಪಕ್ಕದಲ್ಲಿರಿ. ಆ ಮೇಲೆ ಒಂಟಿಯಾಗಿ ಮಾಡಲು ಬಿಡಿ. ಮಗು ಮಾಡಿ ಮುಗಿಸಿದ ಕೆಲಸವನ್ನು ಅದರ ಕಣ್ಣೆದುರೇ ಮತ್ತೊಮ್ಮೆ ಮಾಡಬೇಡಿ. ಮಗಳು ಮಡಚಿದ ಅಂಗಿಯನ್ನು ನೀವು ಬಿಚ್ಚಿ ಮಡಚಿದಿರೆಂದರೆ, ನಿನ್ನ ಕೆಲಸ ನಮಗೆ ಬೇಡ ಎಂದು ಬಾಯಿಬಿಡದೆ ಹೇಳಿದಂತಾಯಿತು.

ಕೆಲಸವನ್ನು ಆಟವಾಗಿಸುವ ಕೆಲವು ಬಗೆಗಳು

ಇನ್ನು ದಿನನಿತ್ಯದ ಕೆಲಸಗಳಿಗೆ ಬರೋಣ. ಇವಕ್ಕೆ ಹಣ ಖರ್ಚು ಮಾಡಬೇಕಿಲ್ಲ, ಆಟಿಕೆ ಕೊಳ್ಳಬೇಕಿಲ್ಲ.

ಮೂರರಿಂದ ಆರು ವರ್ಷದವರಿಗೆ ಜೋಡಿಸುವುದು, ಎಣಿಸುವುದು, ಹಂಚುವುದು ಇವೆಲ್ಲ ಆಟವೇ. ಮನೆಗೆ ನೆಂಟರು ಬಂದಾಗ ಬಾಗಿಲಲ್ಲಿ ಚದರಿದ ಚಪ್ಪಲಿಗಳ ಜೋಡಿ ಹುಡುಕಿ ಸಾಲಾಗಿ ಇಡುವ ಕೆಲಸ ಕೊಡಿ. ಎಲ್ಲರಿಗಿಂತ ಚಿಕ್ಕ ಚಪ್ಪಲಿಯಿಂದ ತೊಡಗಿ ದೊಡ್ಡದರವರೆಗೆ ಜೋಡಿಸಲು ಹೇಳಿದರೆ ಅರ್ಧ ಗಂಟೆ ಅವರಿಗೆ ಬೇರೆ ಆಟ ಬೇಡ. ಊಟದ ಹೊತ್ತಿಗೆ ಸುಪ್ರ ಹಾಸಿ ಇವತ್ತು ಎಷ್ಟು ಜನ, ಎಷ್ಟು ತಟ್ಟೆ, ಎಷ್ಟು ಲೋಟ ಎಂದು ಎಣಿಸಿ ಇಡಲಿ. ನೀರನ್ನು ಬಲಗಡೆಯವರಿಂದ ಕೊಡಲು ಶುರು ಮಾಡುವುದನ್ನು ಕಲಿಸಿ. ಲೆಕ್ಕವೂ ಬರುತ್ತದೆ, ಪ್ರವಾದಿಚರ್ಯೆಯೂ ಬರುತ್ತದೆ.

ಏಳರಿಂದ ಹತ್ತು ವರ್ಷದವರು ಸ್ವಲ್ಪ ಸವಾಲನ್ನು ಬಯಸುತ್ತಾರೆ. ಅವರೆಕಾಯಿಯ ಕಾಲದಲ್ಲಿ ನೆನೆಸಿಟ್ಟ ಕಾಳನ್ನು ಹಿದುಕಲು ಮನೆಯವರೆಲ್ಲ ಸುತ್ತ ಕುಳಿತುಕೊಳ್ಳಿ. ಬೆರಳುಗಳ ನಡುವೆ ಒತ್ತಿದಾಗ ಸಿಪ್ಪೆಯಿಂದ ಬೇಳೆ ಚಿಮ್ಮುವುದೇ ಮಕ್ಕಳಿಗೆ ದೊಡ್ಡ ಮೋಜು. ಬಟ್ಟಲೊಳಗೆ ಬಿದ್ದದ್ದಕ್ಕೆ ಅಂಕ, ಹೊರಗೆ ಹಾರಿದ್ದನ್ನು ಹುಡುಕಿ ತಂದರೆ ಮತ್ತೆ ಅಂಕ. ಒಣಗಿದ ಬಟ್ಟೆ ಮಡಚುವಾಗ ಬಟ್ಟೆ ಅಂಗಡಿಯ ಆಟವಾಡಿ. ಮಗ ಅಂಗಡಿಯವನು, ಮನೆಯವರು ಗಿರಾಕಿಗಳು. ಸರಿಯಾಗಿ ಮಡಚಿದ ಬಟ್ಟೆಯನ್ನು ಮಾತ್ರ ಗಿರಾಕಿ ಒಯ್ಯುತ್ತಾನೆ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೋ ನುಗ್ಗೆಗೋ ಹಾಕುವ ಹೊಣೆಯನ್ನು ಒಂದು ಮಗುವಿಗೆ ಕೊಟ್ಟು, ಆ ಗಿಡವನ್ನು ಅದರ ಹೆಸರಿನಿಂದಲೇ ಕರೆಯಿರಿ. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಎರಡು ಕೈ ಸೇರಿಸಿದ ಬೊಗಸೆಯ ಒಂದು ಅಳತೆಯಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ನಲ್ಲಿಯನ್ನು ನಿಲ್ಲಿಸಿ, ಚೊಂಬಿನಲ್ಲಿ ಅಳೆದ ನೀರಿನಿಂದ ಯಾರು ಪೂರ್ಣ ವುಝೂ ಮಾಡುತ್ತಾರೆಂದು ನೋಡುವುದು ಬೇಸಿಗೆಯ ದಿನಗಳಿಗೆ ತಕ್ಕ ಆಟ.

ಚೀಟಿ ಎತ್ತುವ ಆಟ ಎಲ್ಲ ವಯಸ್ಸಿನವರಿಗೂ ಹಿಡಿಸುತ್ತದೆ. ವಾರದ ಕೆಲಸಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಿ. ಗುರುವಾರ ರಾತ್ರಿ ಎಲ್ಲರೂ ಒಂದೊಂದು ಎತ್ತಲಿ. ಒಂದು ಷರತ್ತು: ತಂದೆಯೂ ಎತ್ತಬೇಕು, ಬಂದ ಚೀಟಿಯನ್ನು ಬದಲಾಯಿಸಬಾರದು. ಬಚ್ಚಲು ತೊಳೆಯುವ ಚೀಟಿ ತಂದೆಯ ಕೈಗೆ ಬಂದ ದಿನ ಮನೆಯಲ್ಲಿ ಏಳುವ ನಗುವನ್ನು ಮಕ್ಕಳು ಬಹುಕಾಲ ಮರೆಯುವುದಿಲ್ಲ. ತಂದೆ ಗಲ್ಫ್‌ನಲ್ಲಿದ್ದು ರಜೆಗೆ ಬರುವ ಮನೆಗಳಲ್ಲಂತೂ ಇದು ಹೆಚ್ಚು ಅಗತ್ಯ. ಎರಡು ತಿಂಗಳು ಅತಿಥಿಯಂತೆ ಕುಳಿತು ಉಣ್ಣುವ ತಂದೆಯನ್ನು ಮಕ್ಕಳು ಅತಿಥಿಯೆಂದೇ ತಿಳಿಯುತ್ತಾರೆ. ಅವರು ತಂದ ಚಾಕೊಲೇಟು ವಾರದಲ್ಲಿ ಮುಗಿಯುತ್ತದೆ. ಮಗನೊಡನೆ ನಿಂತು ನೀರಿನ ಟ್ಯಾಂಕಿ ತೊಳೆದ ಬೆಳಗು ಮುಗಿಯುವುದಿಲ್ಲ.

ಹನ್ನೊಂದು ದಾಟಿದವರಿಗೆ ಆಟಕ್ಕಿಂತ ನಂಬಿಕೆ ಹೆಚ್ಚು ರುಚಿಸುತ್ತದೆ. ಅವರಿಗೆ ಒಂದು ಇಡೀ ಹೊಣೆಯನ್ನು ಅಮಾನತ್ ಎಂದು ಒಪ್ಪಿಸಿ. ಹಾಲಿನ ಲೆಕ್ಕ, ತರಕಾರಿಯ ಚೀಟಿ ಮತ್ತು ಚಿಲ್ಲರೆ, ಶುಕ್ರವಾರ ಎಲ್ಲರ ಬಟ್ಟೆಗೆ ಇಸ್ತ್ರಿ, ರಮಝಾನಿನಲ್ಲಿ ಇಫ್ತಾರಿನ ಖರ್ಜೂರ ಮತ್ತು ಶರಬತ್ತಿನ ಏರ್ಪಾಡು, ಇಂಥವು. ಯಾವುದನ್ನು ವಹಿಸಿಕೊಳ್ಳುವೆ ಎಂದು ಕೇಳಿ ಕೊಡಿ. ಪ್ರವಾದಿ ಇಬ್ರಾಹೀಮ್(ಅ)ರು ತಾವು ಕಂಡ ಕನಸನ್ನು ಮಗನಿಗೆ ತಿಳಿಸಿ ಅವನ ಅಭಿಪ್ರಾಯ ಕೇಳಿದರೆಂದು ಕುರ್‌ಆನಿನ 37ನೇ ಅಧ್ಯಾಯದಲ್ಲಿದೆ. ಅಲ್ಲಾಹನ ಅಪ್ಪಣೆಯ ವಿಷಯದಲ್ಲೇ ಮಗನ ಮಾತು ಕೇಳಿದ ತಂದೆಯ ಪರಂಪರೆ ನಮ್ಮದು. ಅದೇ ತಂದೆ ಮಕ್ಕಳು ಮುಂದೆ ಕೂಡಿ ಕಅ್‌ಬಾದ ಗೋಡೆಗಳನ್ನು ಎಬ್ಬಿಸಿದರು.

ಆಟ ಹೂಡುವಾಗ ಒಂದು ಎಚ್ಚರ ಬೇಕು. ಅಕ್ಕ ತಮ್ಮಂದಿರನ್ನು ಒಬ್ಬರ ವಿರುದ್ಧ ಒಬ್ಬರನ್ನು ನಿಲ್ಲಿಸಬೇಡಿ. ಹಾಗೆ ಮಾಡಿದರೆ ಚಿಕ್ಕವನು ಯಾವಾಗಲೂ ಸೋಲುತ್ತಾನೆ, ಕೊನೆಗೆ ಕೆಲಸವನ್ನೇ ದ್ವೇಷಿಸುತ್ತಾನೆ. ಪೈಪೋಟಿ ಗಡಿಯಾರದೊಡನೆ ಇರಲಿ. ನಿನ್ನೆ ಕೋಣೆ ಜೋಡಿಸಲು ಹದಿನೈದು ನಿಮಿಷ ಹಿಡಿಯಿತು, ಇವತ್ತು ಎಲ್ಲರೂ ಸೇರಿದರೆ ಎಷ್ಟರಲ್ಲಿ ಮುಗಿದೀತು ಎಂದು ಕೇಳಿ ನೋಡಿ.

ಬಹುಮಾನದ ವಿಷಯ

ಪ್ರತಿ ಕೆಲಸಕ್ಕೂ ಐದು ರೂಪಾಯಿ, ಹತ್ತು ರೂಪಾಯಿ ಎಂದು ಕೊಡುವ ರೂಢಿ ಈಚೆಗೆ ಕೆಲವು ಮನೆಗಳಲ್ಲಿ ಬಂದಿದೆ. ಇದು ಒಳ್ಳೆಯದಲ್ಲ. ತಾಯಿ ಅಡುಗೆಗೆ ಕೂಲಿ ಪಡೆಯುವುದಿಲ್ಲ, ತಂದೆ ಅಕ್ಕಿ ತಂದುದಕ್ಕೆ ಬಿಲ್ಲು ಕೊಡುವುದಿಲ್ಲ. ಮಗುವೊಂದೇ ಕೂಲಿಗೆ ದುಡಿಯುವುದಾದರೆ ಅದು ಮನೆಯ ಸದಸ್ಯನಾಗದೆ ಕೆಲಸದಾಳಾಗುತ್ತದೆ. ನಾಳೆ ನೀವು ಮುಪ್ಪಿನಲ್ಲಿ ಒಂದು ಲೋಟ ನೀರು ಕೇಳಿದಾಗ ಅದೇ ಲೆಕ್ಕ ಮುಂದೆ ಬಂದೀತು. ಆಗೊಮ್ಮೆ ಈಗೊಮ್ಮೆ ಸಂತೋಷದಿಂದ ಉಡುಗೊರೆ ಕೊಡಬಾರದೆಂದಲ್ಲ. ಕೊಡುವೆನೆಂದು ಹೇಳಿದರೆ ಮಾತ್ರ ಕೊಡಲೇಬೇಕು. ಅಬ್ದುಲ್ಲಾ ಬಿನ್ ಆಮಿರ್(ರ) ಚಿಕ್ಕವರಿದ್ದಾಗ ತಾಯಿ ಅವರನ್ನು, ಬಾ ಒಂದು ವಸ್ತು ಕೊಡುತ್ತೇನೆ ಎಂದು ಕರೆದರು. ಅಲ್ಲಿದ್ದ ಪ್ರವಾದಿ(ಸ)ರು ಏನು ಕೊಡಬೇಕೆಂದಿರುವೆ ಎಂದು ವಿಚಾರಿಸಿದರು. ಒಂದು ಖರ್ಜೂರ ಎಂದರು ಆಕೆ. ಏನೂ ಕೊಡದೆ ಇದ್ದಿದ್ದರೆ ನಿನ್ನ ಹೆಸರಿಗೆ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಪ್ರವಾದಿ(ಸ)ರು ಎಚ್ಚರಿಸಿದರು (ಅಬೂದಾವೂದ್). ಕೋಣೆ ಗುಡಿಸಿದರೆ ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದು ಹೇಳಿ ಮರೆಯುವವರು ಈ ಹದೀಸನ್ನು ನೆನಪಿಡಲಿ.

ಎಲ್ಲಕ್ಕಿಂತ ದೊಡ್ಡ ಬಹುಮಾನ ಯಾವುದು? ಪ್ರವಾದಿ(ಸ)ರು ಶೌಚಕ್ಕೆ ಹೋಗಿದ್ದಾಗ ಬಾಲಕ ಇಬ್ನು ಅಬ್ಬಾಸ್(ರ) ಅವರಿಗಾಗಿ ವುಝೂವಿನ ನೀರು ತಂದಿಟ್ಟರು. ಯಾರೂ ಹೇಳಿರಲಿಲ್ಲ. ಇದನ್ನು ಇಟ್ಟವರು ಯಾರೆಂದು ಕೇಳಿ ತಿಳಿದುಕೊಂಡ ಪ್ರವಾದಿ(ಸ)ರು, ಆ ಬಾಲಕನಿಗೆ ಧರ್ಮದ ತಿಳುವಳಿಕೆಯನ್ನು ಕರುಣಿಸೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು (ಬುಖಾರಿ). ಅದೇ ಬಾಲಕ ಮುಂದೆ ಕುರ್‌ಆನ್ ವ್ಯಾಖ್ಯಾನದಲ್ಲಿ ಸಮುದಾಯದ ಗುರುವೆನಿಸಿದರು. ಒಂದು ಪಾತ್ರೆ ನೀರಿಗೆ ಸಿಕ್ಕ ಬಹುಮಾನವಿದು. ನಿಮ್ಮ ಮಗು ತಾನಾಗಿ ಒಂದು ಲೋಟ ಎತ್ತಿಟ್ಟರೆ ಅದನ್ನು ಗಮನಿಸಿ, ಯಾರಿಟ್ಟರು ಎಂದು ಕೇಳಿ, ಅದರ ಹೆಸರು ಹಿಡಿದು ಅದಕ್ಕೆ ಕೇಳಿಸುವಂತೆ ದುಆ ಮಾಡಿ. ತಾಯಿಯ ಬಾಯಿಂದ ತನ್ನ ಹೆಸರಿನಲ್ಲಿ ಹೊರಟ ದುಆವನ್ನು ಕೇಳಿದ ಮಗು ಅದನ್ನು ಮತ್ತೆ ಕೇಳಲು ಬಯಸುತ್ತದೆ.

ಮಗ ಬೇರೆ, ಮಗಳು ಬೇರೆಯೇ?

ಈ ವಿಷಯದಲ್ಲಿ ನಮ್ಮ ಸಮಾಜದ ದೊಡ್ಡ ಲೋಪವನ್ನು ಹೇಳದೆ ಮುಂದುವರಿಯುವಂತಿಲ್ಲ. ಅಣ್ಣ ಉಂಡ ತಟ್ಟೆಯನ್ನು ತಂಗಿ ಎತ್ತುತ್ತಾಳೆ. ಇಬ್ಬರಿಗೂ ಮರುದಿನ ಪರೀಕ್ಷೆಯಿದ್ದರೂ ಚಹಾ ಮಾಡಲು ಏಳುವವಳು ಅವಳೇ. ಅವನ ಪಾಲಿಗೆ ಮನೆಯೆಂದರೆ ವಿಶ್ರಾಂತಿ, ಅವಳ ಪಾಲಿಗೆ ಮನೆಯೆಂದರೆ ಕೆಲಸ. ಹೀಗಿರುವಾಗ ಯಾವ ಆಟದಿಂದ ಅವಳ ಮುಖದಲ್ಲಿ ನಗು ತರಿಸುತ್ತೀರಿ? ಅನ್ಯಾಯವನ್ನು ಆಟದ ಬಣ್ಣ ಬಳಿದು ಮುಚ್ಚಲಾಗದು.

ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ಅವರಿಗೊಬ್ಬರಿಗೇ ಒಂದು ಉಡುಗೊರೆ ಕೊಟ್ಟು ಪ್ರವಾದಿ(ಸ)ರನ್ನು ಸಾಕ್ಷಿಯಾಗಿಸಲು ಬಂದಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂಬ ಪ್ರಶ್ನೆ ಎದುರಾಯಿತು. ಇಲ್ಲವೆಂದಾಗ, ಅಲ್ಲಾಹನನ್ನು ಭಯಪಟ್ಟು ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂಬ ಆಜ್ಞೆ ಸಿಕ್ಕಿತು (ಬುಖಾರಿ, ಮುಸ್ಲಿಮ್). ಉಡುಗೊರೆಯಲ್ಲಿ ಬೇಕಾದ ನ್ಯಾಯ ಹೊರೆಯಲ್ಲಿ ಬೇಡವೇ? ಹೊಲಿಗೆ ಹಾಕಿದ, ಹಾಲು ಕರೆದ ಪ್ರವಾದಿ(ಸ)ರನ್ನು ಅನುಸರಿಸುವವನೆಂದು ಹೇಳಿಕೊಳ್ಳುವ ಹುಡುಗನಿಗೆ ಪಾತ್ರೆ ತೊಳೆಯುವುದು ಗಂಡಸುತನಕ್ಕೆ ಕುಂದಾದೀತೇ? ಇಂದು ತಂಗಿಗೆ ನೆರವಾಗಲು ಕಲಿತವನು ನಾಳೆ ಹೆಂಡತಿಗೆ ನೆರವಾಗುತ್ತಾನೆ. ನಿಮ್ಮ ಮಗನ ಕೈಗೆ ಪೊರಕೆ ಕೊಡುವಾಗ ನೀವು ಕಾಣದ ಒಬ್ಬ ಸೊಸೆಯ ಬದುಕನ್ನು ಹಗುರಗೊಳಿಸುತ್ತಿದ್ದೀರಿ.

ಶಕ್ತಿಗೆ ಮೀರಿದ್ದು ಬೇಡ

ಮಕ್ಕಳಿಗೆ ಕೆಲಸ ಕೊಡುವುದೆಂದರೆ ದೊಡ್ಡವರ ಭಾರವನ್ನು ಅವರ ತಲೆಗೆ ದಾಟಿಸುವುದಲ್ಲ. ಕುದಿಯುವ ನೀರು, ಗ್ಯಾಸ್ ಒಲೆ, ಪ್ರೆಶರ್ ಕುಕ್ಕರ್, ಈಳಿಗೆ ಮಣೆ, ಬಾವಿಕಟ್ಟೆ, ಬಚ್ಚಲು ತೊಳೆಯುವ ಆಸಿಡ್ ಇವುಗಳ ಹತ್ತಿರಕ್ಕೆ ಚಿಕ್ಕವರನ್ನು ಬಿಡಬಾರದು. ಓದು, ಮದ್ರಸ, ನಮಾಝ್, ಆಟ, ನಿದ್ದೆ ಇವುಗಳಿಗೆ ಕುತ್ತು ತರುವ ಕೆಲಸವನ್ನೂ ಹೇಳಬಾರದು. ಅಲ್ಲಾಹನು ಯಾರ ಮೇಲೂ ಅವರ ಶಕ್ತಿಗೆ ಮೀರಿದ ಹೊರೆಯನ್ನು ಹೊರಿಸುವುದಿಲ್ಲ. ನಾವು ಮಕ್ಕಳ ಮೇಲೆ ಹೊರಿಸುವುದು ಸರಿಯೇ?

ಇದಕ್ಕೆ ಸೇರಿದ ಇನ್ನೊಂದು ಮಾತಿದೆ. ಕೆಲವು ಅನುಕೂಲಸ್ಥ ಮನೆಗಳಲ್ಲಿ ಬಡ ನೆಂಟರ ಮಗುವನ್ನೋ ಹಳ್ಳಿಯ ಮಗುವನ್ನೋ ಓದಿಸುವ ಹೆಸರಿನಲ್ಲಿ ತಂದು ಕೆಲಸಕ್ಕೆ ಇಟ್ಟುಕೊಳ್ಳುವುದುಂಟು. ಮನೆಯ ಮಗು ಬಿಟ್ಟ ಲೋಟವನ್ನು ಅದೇ ವಯಸ್ಸಿನ ಇನ್ನೊಂದು ಮಗು ಎತ್ತುತ್ತದೆ. ನಮ್ಮ ದೇಶದಲ್ಲಿ 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯಿಂದ ಕಾನೂನು ಇನ್ನೂ ಬಿಗಿಯಾಗಿದೆ. ಕಾನೂನಿಗೆ ಹೆದರುವುದು ಒಂದು ಕಡೆಗಿರಲಿ. ನಮ್ಮ ಕೈಕೆಳಗಿನವರು ನಮ್ಮ ಸೋದರರು, ನಾವು ಉಣ್ಣುವುದನ್ನೇ ಅವರಿಗೂ ಉಣಿಸಬೇಕು, ಶಕ್ತಿಮೀರಿದ ಕೆಲಸ ಹೇಳಬಾರದು, ಹೇಳಿದರೆ ಕೈಜೋಡಿಸಬೇಕು ಎಂಬುದು ಅಬೂಝರ್(ರ)ರಿಗೆ ಪ್ರವಾದಿ(ಸ)ರು ಕಲಿಸಿದ ಪಾಠ (ಬುಖಾರಿ, ಮುಸ್ಲಿಮ್). ದೊಡ್ಡವರ ವಿಷಯದಲ್ಲೇ ಇಷ್ಟು ಕಟ್ಟುನಿಟ್ಟಾದರೆ, ಪರರ ಎಳೆಯ ಮಗುವಿನ ಬಗ್ಗೆ ಅಲ್ಲಾಹನ ಮುಂದೆ ಏನೆಂದು ಉತ್ತರಿಸೋಣ? ತನ್ನ ಲೋಟವನ್ನು ತಾನೇ ತೊಳೆಯಲು ಕಲಿತ ಮಗು ಇಂಥ ಪಾಪದಿಂದ ಇಡೀ ಮನೆಯನ್ನು ಉಳಿಸುತ್ತದೆ.

ದಣಿದ ಕೈಗಳಿಗೆ ಸಿಕ್ಕ ಉಡುಗೊರೆ

ಪ್ರವಾದಿ(ಸ)ರ ಮಗಳು ಫಾತಿಮಾ(ರ)ರ ಕೈಗಳಲ್ಲಿ ಬೀಸುವ ಕಲ್ಲಿನಿಂದ ಗುರುತು ಮೂಡಿತ್ತು. ಕೆಲಸಕ್ಕೆ ಒಬ್ಬ ಸೇವಕರನ್ನು ಕೇಳಲು ಅವರು ತಂದೆಯ ಬಳಿಗೆ ಹೋದರು. ಆಗ ಭೇಟಿಯಾಗಲಿಲ್ಲ. ವಿಷಯ ತಿಳಿದ ತಂದೆ ರಾತ್ರಿ ತಾವೇ ಮಗಳ ಮನೆಗೆ ಬಂದು, ಅಲಿ(ರ) ಮತ್ತು ಫಾತಿಮಾ(ರ)ರ ನಡುವೆ ಕುಳಿತು, ಮಲಗುವಾಗ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು. ಸೇವಕನಿಗಿಂತ ಇದು ಉತ್ತಮವೆಂದರು (ಬುಖಾರಿ, ಮುಸ್ಲಿಮ್). ಇಲ್ಲಿ ಪದಗಳನ್ನು ಮಾತ್ರ ನೋಡಬೇಡಿ, ತಂದೆ ಎದ್ದು ಬಂದು ಪಕ್ಕದಲ್ಲಿ ಕುಳಿತದ್ದನ್ನೂ ನೋಡಿ. ರಾತ್ರಿ ಮಕ್ಕಳನ್ನು ಮಲಗಿಸುವಾಗ ಈ ಝಿಕ್ರನ್ನು ಅವರ ಬೆರಳ ಗೆಣ್ಣುಗಳ ಮೇಲೆ ಎಣಿಸಿ ಹೇಳಿಸಿ. ಆ ದಿನ ಅವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ ಮೆಚ್ಚುಗೆ ಹೇಳಿ. ಪುಟ್ಟ ಕೈಗಳ ದಣಿವಿಗೂ ಅಲ್ಲಾಹನ ಬಳಿ ಲೆಕ್ಕವಿದೆ ಎಂದು ಮಗು ನಂಬಿ ಮಲಗಲಿ.

ಎಲ್ಲವನ್ನೂ ಒಮ್ಮೆಲೇ ಶುರು ಮಾಡಬೇಕಾಗಿಲ್ಲ. ಚಿಕ್ಕದಾದರೂ ನಿತ್ಯ ನಡೆಯುವ ಕರ್ಮ ಅಲ್ಲಾಹನಿಗೆ ಪ್ರಿಯ. ಈ ವಾರ ಮನೆಯವರೆಲ್ಲ ಒಂದೇ ತೀರ್ಮಾನಕ್ಕೆ ಬನ್ನಿ: ಊಟವಾದ ಬಳಿಕ ತಂದೆಯಿಂದ ತೊಡಗಿ ಕಿರಿಯ ಮಗುವಿನವರೆಗೆ ಪ್ರತಿಯೊಬ್ಬರೂ ತಮ್ಮ ತಟ್ಟೆಯನ್ನು ತಾವೇ ಎತ್ತುವುದು, ಎಲ್ಲರೂ ಸೇರಿ ಸುಪ್ರ ಮಡಚುವುದು. ಮೂರು ನಿಮಿಷದ ಕೆಲಸ. ಒಂದು ತಿಂಗಳು ಇದನ್ನು ತಪ್ಪದೆ ನಡೆಸಿ, ಮುಂದಿನ ತಿಂಗಳು ಇನ್ನೊಂದು ಕೆಲಸ ಸೇರಿಸಿ.

ಅಲ್ಲಾಹನು ನಮ್ಮ ಮಕ್ಕಳನ್ನು ನಮ್ಮ ಕಣ್ಣುಗಳಿಗೆ ತಂಪಾಗಿಸಲಿ, ಸೇವೆಯಲ್ಲಿ ಸಂತೋಷ ಕಾಣುವ ಕೈಗಳನ್ನು ಅವರಿಗೆ ದಯಪಾಲಿಸಲಿ, ಅವರ ಜೊತೆಗೆ ಕೈಜೋಡಿಸುವ ವಿನಯವನ್ನು ನಮಗೂ ಕರುಣಿಸಲಿ. ಆಮೀನ್.